ಓವರ್‌ರೂಲ್ ಆದ (ಮುಂದಿನ ತೀರ್ಪು ತಳ್ಳಿಹಾಕಿದ) ತೀರ್ಪು ಹುಡುಕಿ ಕೊಟ್ಟೆ, ಕೋರ್ಟಲ್ಲಿ ಮರ್ಯಾದೆ ಹೋಯ್ತು. ಲಾ ಬಿಟ್ಟುಬಿಡಲಾ?

ಗಂಗಾವಳಿ ದಡ · ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನಾನು ಮೂರು ವರ್ಷದ ಎಲ್‌ಎಲ್‌ಬಿ, ಎರಡನೇ ವರ್ಷದಲ್ಲಿದ್ದೇನೆ. ಊರು ಅಂಕೋಲಾ ಕಡೆ. ದಿನಾ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಬರುತ್ತೇನೆ. ಕ್ಲಾಸ್ ಮುಗಿದ ಮೇಲೆ ಒಬ್ಬ ಹಿರಿಯ ವಕೀಲರ ಆಫೀಸಿನಲ್ಲಿ ಕೂರುತ್ತೇನೆ. ಸಂಬಳ ಇಲ್ಲ, ಚಹಾ ಇದೆ.

ಹೋದ ವಾರ ಒಂದು ಪಾಲಿನ ದಾವೆಯ ಫೈಲ್ ಕೊಟ್ಟು "ಇದಕ್ಕೆ ಏನಾದರೂ ಕೇಸ್ ಲಾ ಇದೆಯಾ ನೋಡು" ಅಂದರು, ಅಂದರೆ ಇಂಥದ್ದೇ ವಿಷಯದ ಹಿಂದಿನ ತೀರ್ಪು. ತಂಗಿ ಪಾಲು ಕೇಳಿದ್ದಾಳೆ. ನಾವು ಅಣ್ಣಂದಿರ ಕಡೆ. ತಂದೆ ತೀರಿಕೊಂಡಿದ್ದು 1999ರಲ್ಲಿ. ಮೂರು ರಾತ್ರಿ ಕೂತು ಹುಡುಕಿದೆ. ಪ್ರಕಾಶ್ ವಿರುದ್ಧ ಫುಲಾವತಿ ಸಿಕ್ಕಿತು, ಸುಪ್ರೀಂ ಕೋರ್ಟಿನದು, 2015. ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ 2005ರ ತಿದ್ದುಪಡಿ ಬಂದಾಗ ತಂದೆ ಬದುಕಿರದಿದ್ದರೆ ಮಗಳಿಗೆ ಆ ಹಕ್ಕು ಬರುವುದಿಲ್ಲ ಅಂತ ಅದರಲ್ಲಿದೆ. ಕುಣಿದಾಡಿಬಿಟ್ಟೆ. ಹಳದಿ ಗೆರೆ ಎಳೆದು ಪ್ರಿಂಟ್ ತೆಗೆದುಕೊಟ್ಟೆ.

ಎದುರಿನ ವಕೀಲರು ಎದ್ದು ನಿಂತು ಒಂದೇ ಮಾತು ಹೇಳಿದರು. "ಇದು 2020ರಲ್ಲೇ ಓವರ್‌ರೂಲ್ ಆಗಿದೆ ಸ್ವಾಮಿ." ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ.

ಕೇಳುವುದು ಎರಡು. ಒಂದು, ಕಾನೂನು ಸಂಶೋಧನೆ ಅಂದರೆ ನಿಜವಾಗಿ ಏನು ಮಾಡಬೇಕು? ಕಾಲೇಜಿನಲ್ಲಿ ನೋಟ್ಸ್ ಬರೆಸುತ್ತಾರೆ, ಹುಡುಕುವುದು ಹೇಗೆ ಅಂತ ಹೇಳಿಕೊಡುವುದಿಲ್ಲ. ಎರಡು, ಓದುವ ಮನಸ್ಸೇ ಹೋಗಿದೆ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಒಂದು ತೀರ್ಪು ಓದಿ ಮುಗಿಸಲು ಎರಡು ದಿನ ಬೇಕು. ಅಪ್ಪ "ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಖಾಲಿ ಇದೆ" ಅಂತ ದಿನಾ ನೆನಪಿಸುತ್ತಾರೆ.

ನೊಗಲಿ ಫ್ರೈ · ರಾತ್ರಿ 11:46

ನಿಮ್ಮ ಸೀನಿಯರ್‌ಗೆ 2020ರ ತೀರ್ಪು ಗೊತ್ತಿರಲಿಲ್ವಾ? ಪೇಪರಿನಲ್ಲೆಲ್ಲ ಬಂದಿತ್ತು. ಕಥೆ ಅನ್ನಿಸ್ತದೆ.

ಗಂಗಾವಳಿ ದಡ · ರಾತ್ರಿ 11:49

ಸರ್ ಅವತ್ತು ಬೇರೆ ಕೋರ್ಟಿಗೆ ಹೋಗಿದ್ದರು. ನಾನು ಕೊಟ್ಟದ್ದನ್ನು ಆಫೀಸಿನ ಜೂನಿಯರ್ ಹಾಗೇ ಎತ್ತಿಕೊಂಡು ಹೋದರು. ಸರ್ ನೋಡಿದ್ದರೆ ಅಲ್ಲೇ ಹರಿದು ಹಾಕುತ್ತಿದ್ದರು. ತಪ್ಪು ನನ್ನದೇ.

ಕುಮಟಾ ಕರಿಕೋಟು · ರಾತ್ರಿ 11:58

ತಮಾ, ಮೊದಲು ಊಟ ಮಾಡಿ ಮಲಗು. ನಾನು 22 ವರ್ಷದಿಂದ ಇದೇ ಕೋಟು ಹಾಕಿಕೊಂಡು ಓಡಾಡುತ್ತಿದ್ದೇನೆ. ಹಿಂದಿನ ಬೆಂಚಿನಲ್ಲಿ ನಕ್ಕವನಿಗೂ ಇಂಥದ್ದೇ ಒಂದು ದಿನ ಬಂದಿರುತ್ತದೆ. ಅದಕ್ಕೇ ನಕ್ಕ.

ನನ್ನದು ಕೇಳು. ವಕೀಲಿ ಶುರು ಮಾಡಿದ ಮೊದಲ ವರ್ಷ. ಒಂದು ದೊಡ್ಡ ತೀರ್ಪಿನಿಂದ ಚಂದದ ಎರಡು ಸಾಲು ಓದಿದೆ. ಜಡ್ಜ್ ಕನ್ನಡಕ ಕೆಳಗಿಳಿಸಿ, "ಇದು ಯಾವ ನ್ಯಾಯಮೂರ್ತಿಗಳು ಬರೆದ ಭಾಗ?" ಅಂದರು. ನೋಡಿದರೆ ಅದು ಭಿನ್ನಮತದ ತೀರ್ಪು. ಅಂದರೆ ಸೋತ ವಾದ! ಅದನ್ನೇ ಕಾನೂನು ಅಂತ ಓದಿ ಕೂತಿದ್ದೆ. ಅವತ್ತಿನಿಂದ ಯಾವ ತೀರ್ಪು ಹಿಡಿದರೂ ಬೆಂಚಿನಲ್ಲಿ ಎಷ್ಟು ಜನ, ಯಾರ ಪರವಾಗಿ ಯಾರು ಬರೆದರು, ಯಾರು ಒಪ್ಪಲಿಲ್ಲ ಅಂತ ಮೊದಲು ನೋಡುತ್ತೇನೆ. ಕೇಶವಾನಂದ ಭಾರತಿ ನೆನಪಿದೆಯಲ್ಲ? 13 ಜನ, 7-6. ಒಬ್ಬರು ಆಚೆ ಹೋಗಿದ್ದರೆ ಕಥೆಯೇ ಬೇರೆ.

ನಾಳೆ ಬಿಡುವಾದಾಗ ಉದ್ದಕ್ಕೆ ಬರೆಯುತ್ತೇನೆ.

ಕರಿ ಇಶಾಡ್ · ಮಂಗಳವಾರ, ಬೆಳಿಗ್ಗೆ 7:15

ಇಷ್ಟೆಲ್ಲ ಯಾಕೆ? ಎಐ ಹತ್ತಿರ ಕೇಳಿ. ಮೂರು ರಾತ್ರಿ ಅಲ್ಲ, ಮೂರು ಸೆಕೆಂಡ್. ನಾನು ಪೂರ್ತಿ ಮೂಟ್ ಕೋರ್ಟ್ (ಕಾಲೇಜಿನ ಅಣಕು ಕೋರ್ಟ್) ಮೆಮೋರಿಯಲ್, ಅಂದರೆ ಲಿಖಿತ ವಾದ, ಹಾಗೇ ಮಾಡಿದ್ದು.

ಮಾರಿಗುಡಿ ಬೀದಿ · ಬೆಳಿಗ್ಗೆ 7:31

@ಕರಿ ಇಶಾಡ್ ಆ ಮೆಮೋರಿಯಲ್‌ನಲ್ಲಿ ಹಾಕಿದ ಕೇಸುಗಳನ್ನು ತೆರೆದು ನೋಡಿದ್ದೀರಾ? 2023ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲರು ಹೀಗೇ ಮಾಡಿದ್ದರು. ವಿಮಾನ ಕಂಪನಿ ಮೇಲಿನ ಕೇಸು, ಮಾಟಾ ವಿರುದ್ಧ ಏವಿಯಾಂಕಾ. ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳು ಪ್ರಪಂಚದಲ್ಲಿ ಎಲ್ಲೂ ಇರಲಿಲ್ಲ. ಹೆಸರು ಇತ್ತು, ಸೈಟೇಶನ್ (ತೀರ್ಪಿನ ಉಲ್ಲೇಖ ಸಂಖ್ಯೆ) ಇತ್ತು, ಕೇಸೇ ಇಲ್ಲ. 5000 ಡಾಲರ್ ದಂಡ ಬಿತ್ತು. ಗಂಗಾವಳಿ ಅವರು ಕೊಟ್ಟ ಕೇಸ್ ಕನಿಷ್ಠ ಇದ್ದದ್ದಂತೂ ಹೌದು.

ಕರಿ ಇಶಾಡ್ · ಬೆಳಿಗ್ಗೆ 7:40

ನಾನು ಗೆದ್ದೆ ಅಲ್ವಾ.

ಮಾರಿಗುಡಿ ಬೀದಿ · ಬೆಳಿಗ್ಗೆ 7:42

ಮೂಟ್‌ನಲ್ಲಿ ಗೆದ್ದಿರಿ. ಅಲ್ಲಿ ಕಕ್ಷಿದಾರ ಇರುವುದಿಲ್ಲ, ಅವನ ಅಡಿಕೆ ತೋಟವೂ ಇರುವುದಿಲ್ಲ.

ಮಾರಿಗುಡಿ ಬೀದಿ · ಬೆಳಿಗ್ಗೆ 8:20

ಗಂಗಾವಳಿ ಅವರೇ, ನಾನು ಐದು ವರ್ಷದ ಕೋರ್ಸಿನ ಕೊನೆಯ ವರ್ಷ, ಶಿರಸಿ. ನಾನೂ ಕನ್ನಡ ಮೀಡಿಯಂ. ನನಗೆ ಉಪಯೋಗಕ್ಕೆ ಬಂದದ್ದು ಹೇಳುತ್ತೇನೆ.

ನೀವು ತಪ್ಪಿದ್ದು ಹುಡುಕುವುದರಲ್ಲಿ ಅಲ್ಲ, ಹುಡುಕಿದ ಮೇಲೆ. ತೀರ್ಪು ಸಿಕ್ಕ ಕೂಡಲೇ ಅದು ಇನ್ನೂ ಜೀವಂತ ಇದೆಯಾ ನೋಡಬೇಕು. ತೀರ್ಪು ಹುಡುಕುವ ಜಾಲತಾಣ ಇಂಡಿಯನ್ ಕಾನೂನ್‌ನಲ್ಲಿ ತೀರ್ಪಿನ ಮೇಲ್ಗಡೆಯೇ, ಮುಂದೆ ಯಾವ ಯಾವ ತೀರ್ಪುಗಳು ಇದನ್ನು ಉಲ್ಲೇಖಿಸಿವೆ ಅಂತ ಒಂದು ಕೊಂಡಿ ಇರುತ್ತದೆ. ಅದನ್ನು ಒತ್ತಿ. ಹೊಸದು ಮೊದಲು ಬರುವ ಹಾಗೆ ಜೋಡಿಸಿ. ಫುಲಾವತಿಗೆ ಹಾಗೆ ಮಾಡಿದ್ದರೆ ಎರಡು ನಿಮಿಷದಲ್ಲಿ ವಿನೀತಾ ಶರ್ಮಾ ಸಿಗುತ್ತಿತ್ತು. 11 ಆಗಸ್ಟ್ 2020, ಮೂವರ ಪೀಠ. ತಂದೆ 9 ಸೆಪ್ಟೆಂಬರ್ 2005ರಂದು ಬದುಕಿರಬೇಕಾಗಿಲ್ಲ, ಮಗಳಿಗೆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ಹೇಳಿದರು. ನಡುವೆ 2018ರಲ್ಲಿ ದಾನಮ್ಮ ವಿರುದ್ಧ ಅಮರ್ ಅಂತ ಇನ್ನೊಂದು ಬಂದಿತ್ತು. ಅದರಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿದ್ದರು. ಇಬ್ಬಿಬ್ಬರ ಎರಡು ಪೀಠ, ಎರಡು ದಾರಿ. ಅದಕ್ಕೇ ಮೂವರು ಕೂರಬೇಕಾಯಿತು. ಫುಲಾವತಿ, ದಾನಮ್ಮ ಎರಡೂ ನಮ್ಮ ಕರ್ನಾಟಕದಿಂದ ಹೋದ ಕೇಸುಗಳು, ಗೊತ್ತಾ?

ಇನ್ನೊಂದು ಸಣ್ಣ ಉಪಾಯ. ಅದೇ ಜಾಲತಾಣದಲ್ಲಿ ಆ್ಯಂಡ್ ಅಂತ ದೊಡ್ಡಕ್ಷರದಲ್ಲಿ ಎರಡು 'ಡಿ' ಹಾಕಿ ಬರೆದರೆ ಎರಡೂ ಪದ ಇರುವ ತೀರ್ಪುಗಳು ಮಾತ್ರ ಬರುತ್ತವೆ. ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಸುಮ್ನೆ "ಡಾಟರ್ ಶೇರ್ ಪ್ರಾಪರ್ಟಿ" ಅಂತ ಹೊಡೆದರೆ ಸಮುದ್ರಕ್ಕೆ ಗಾಳ ಹಾಕಿದ ಹಾಗೆ.

ನೊಗಲಿ ಫ್ರೈ · ಬೆಳಿಗ್ಗೆ 8:33

ಸಮುದ್ರಕ್ಕೆ ಗಾಳ ಹಾಕಿದರೆ ಮೀನು ಬರ್ತದೆ ಅಕ್ಕ. ಘಟ್ಟದ ಮೇಲಿನವರಿಗೆ ಗೊತ್ತಿಲ್ಲ ಅಷ್ಟೇ.

ಮಾರಿಗುಡಿ ಬೀದಿ · ಬೆಳಿಗ್ಗೆ 8:35

ಸರಿ ಮಾರಾಯ, ಬಲೆ ಅಂದುಕೋ. ತೂತು ಬಲೆ.

ಪಾಸ್‌ಬುಕ್ ಮಾವ · ಬೆಳಿಗ್ಗೆ 10:05

ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಎಲ್‌ಎಲ್‌ಬಿ ಸೇರಿದವನು ನಾನು. ಕ್ಲಾಸಿನಲ್ಲಿ ಹುಡುಗರು ಮೊದಲ ದಿನ ಎದ್ದು ನಿಂತರು, ಮೇಷ್ಟ್ರು ಬಂದರು ಅಂತ.

ಉತ್ಸಾಹದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನನಗೆ ರಾತ್ರಿ ಓದಲು ಆಗುವುದಿಲ್ಲ, ಕಣ್ಣು ಉರಿಯುತ್ತದೆ. ಹಾಗಾಗಿ ದಿನಕ್ಕೆ ಹತ್ತು ಪುಟ, ಬೆಳಗಿನ ಚಹಾ ಜೊತೆ. ಹನ್ನೊಂದನೇ ಪುಟ ಎಷ್ಟೇ ರುಚಿ ಇದ್ದರೂ ನಾಳೆಗೆ. ವಿನೀತಾ ಶರ್ಮಾ ತೀರ್ಪು ನೂರು ಪುಟ ದಾಟುತ್ತದೆ. ಎರಡು ವಾರ ಹಿಡಿಯಿತು. ಆದರೆ ಮುಗಿಯಿತು. ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿಸುತ್ತಿದ್ದೆವಲ್ಲ, ಅದೇ ಲೆಕ್ಕ.

ಮತ್ತೆ ಆ ಮೋಟಿವೇಶನ್ ರೀಲ್ಸ್ ನೋಡಬೇಡಿ ದಯವಿಟ್ಟು. ನನ್ನ ಮೊಮ್ಮಗ ತೋರಿಸಿದ. ಮುಂಜಾನೆ ನಾಲ್ಕಕ್ಕೆ ಏಳಿ ಅಂತ ಕಿರುಚುತ್ತಾರೆ. ನಾಲ್ಕಕ್ಕೆ ನಾನು ಹೇಗೂ ಎದ್ದಿರುತ್ತೇನೆ, ಬೇರೆ ಕಾರಣಕ್ಕೆ.

ಬಡಗುತಿಟ್ಟು · ಬೆಳಿಗ್ಗೆ 11:12

ಹಹ್ಹಾ ಮಾವ!

ನಾನು ಕಾನೂನು ಓದಿದವನಲ್ಲ. ಆದರೆ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತೇನೆ. ಒಂದು ಮಾತು ಹೇಳಬಹುದಾ? ನಮ್ಮಲ್ಲಿ ಹೊಸಬರು ತಮ್ಮ ಪಾತ್ರದ ಮಾತನ್ನಷ್ಟೇ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಎದುರು ಕೂತವನು ಒಂದು ಅಡ್ಡ ಪ್ರಶ್ನೆ ಹಾಕಿದರೆ ಮುಗಿಯಿತು. ಹಳಬರು ಮನೆಯಲ್ಲಿ ಎದುರಾಳಿಯ ಅರ್ಥ ಮೊದಲು ತಯಾರು ಮಾಡುತ್ತಾರೆ. ಕರ್ಣ ಮಾಡುವವನು ಕೃಷ್ಣನ ವಾದ ಕೃಷ್ಣನಿಗಿಂತ ಚೆನ್ನಾಗಿ ಕಲಿತಿರಬೇಕು. ನೀವು ಆ ತಂಗಿಯ ವಕೀಲ ಅಂದುಕೊಂಡು ಒಂದು ರಾತ್ರಿ ಹುಡುಕಿದ್ದರೆ 2020ರ ತೀರ್ಪು ತಾನಾಗಿ ಕಾಲಿಗೆ ತೊಡರುತ್ತಿತ್ತು, ಅಲ್ವಾ?

ಮಾರಿಗುಡಿ ಬೀದಿ · ಬೆಳಿಗ್ಗೆ 11:20

ಇದನ್ನು ಪ್ರಿಂಟ್ ಹಾಕಿ ನಮ್ಮ ಮೂಟ್ ಕೋರ್ಟ್ ಹಾಲಿನಲ್ಲಿ ಅಂಟಿಸುತ್ತೇನೆ.

ಹಳೇ ಗುಮಾಸ್ತ · ಮಧ್ಯಾಹ್ನ 1:45

ಎಲ್ಲರೂ ತೀರ್ಪು ತೀರ್ಪು ಅನ್ನುತ್ತಿದ್ದೀರಿ. ಫೈಲ್ ಯಾರಾದರೂ ಓದಿದಿರಾ?

ನಾನು ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿ 31 ವರ್ಷ ಕಳೆದವನು. ಜಮೀನು ಎಲ್ಲಿಂದ ಬಂತು? ಅಜ್ಜನಿಂದ ಬಂದದ್ದೋ, ತಂದೆ ಕೊಂಡದ್ದೋ, ಗೇಣಿ ಜಮೀನು ಏಳನೇ ನಮೂನೆ (ಗೇಣಿದಾರ ಜಮೀನು ಕೇಳುವ ಅರ್ಜಿ) ಹಾಕಿ ಭೂನ್ಯಾಯ ಮಂಡಳಿಯಿಂದ ಆದದ್ದೋ? ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಅರ್ಧಕ್ಕರ್ಧ ಮನೆಗಳ ಕಥೆ ಭೂಸುಧಾರಣೆಯ 1974ರ ತಿದ್ದುಪಡಿಯಿಂದ ಶುರುವಾಗುತ್ತದೆ. ಯಾರ ಹೆಸರಲ್ಲಿ ಅರ್ಜಿ ಹಾಕಿದರು, ಕುಟುಂಬದ ಪರವಾಗಿಯೋ ಸ್ವಂತಕ್ಕೋ, ಅದೇ ದೊಡ್ಡ ಜಗಳ. ವಾಟ್ನಿ, ಅಂದರೆ ಪಾಲು, ಆಗಿದೆಯಾ? ಆಗಿದ್ದರೆ ಯಾವ ವರ್ಷ? ನೋಂದಣಿ ಆಗಿದೆಯಾ, ಬಾಯಿಮಾತಿನದಾ? ವಾರ್ದಿ (ಹಕ್ಕು ಬದಲಾದ ನಮೂದು) ಬಿದ್ದಿದೆಯಾ? ತಂಗಿ ಮದುವೆ ಯಾವಾಗ?

ಇದಕ್ಕೆಲ್ಲ ಉತ್ತರ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ಹೋಗಬೇಕು. ಕೈಬರಹದ ಪಹಣಿ ತೆಗೆಸಬೇಕು. ನಕಲಿಗೆ ಅರ್ಜಿ ಕೊಟ್ಟು ಕಾಯಬೇಕು. ಧೂಳಿಗೆ ಸೀನು ಬರುತ್ತದೆ, ಕರವಸ್ತ್ರ ಒಯ್ಯಿ.

ಕುಮಟಾ ಕರಿಕೋಟು · ಮಧ್ಯಾಹ್ನ 2:30

ಗುಮಾಸ್ತರಿಗೆ ನಮಸ್ಕಾರ. ನಾನು ಬರೆಯಬೇಕೆಂದಿದ್ದ ಅರ್ಧ ಬರೆದಿದ್ದೀರಿ. ಉಳಿದರ್ಧ ನಾನು.

ತಮಾ, ಫೈಲಿನ ಮೇಲೆ ಒಂದು ಹಾಳೆ ಇಡು. ಮೊದಲು ತಾರೀಕುಗಳನ್ನಷ್ಟೇ ಬರಿ. ತಂದೆಯ ಸಾವು, ತಂಗಿಯ ಮದುವೆ, ವಾಟ್ನಿ, ವಾರ್ದಿ, ದಾವೆ ಹಾಕಿದ ದಿನ. ಅದರ ಪಕ್ಕ ಕಾಯ್ದೆಯ ತಾರೀಕುಗಳನ್ನು ಬರಿ. ಹಿಂದೂ ಉತ್ತರಾಧಿಕಾರ ಕಾಯ್ದೆ 1956. ಕರ್ನಾಟಕದ ಸ್ವಂತ ತಿದ್ದುಪಡಿ, 6ಎ ಕಲಂ, 30 ಜುಲೈ 1994. ಕೇಂದ್ರದ ತಿದ್ದುಪಡಿ 9 ಸೆಪ್ಟೆಂಬರ್ 2005. ಮತ್ತೆ 20 ಡಿಸೆಂಬರ್ 2004. ಅದಕ್ಕಿಂತ ಮೊದಲು ಆದ ಮಾರಾಟ, ಪಾಲುಗಳನ್ನು ಹೊಸ ಕಲಂ ಮುಟ್ಟುವುದಿಲ್ಲ. ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡು. ಪ್ರಶ್ನೆ ತಾನಾಗಿ ಎದ್ದು ಬರುತ್ತದೆ.

ಉದಾಹರಣೆಗೆ, ಜಮೀನು ತಂದೆಯ ಸ್ವಂತದ್ದು ಅಂತಾದರೆ ಫುಲಾವತಿ, ವಿನೀತಾ ಯಾವುದೂ ಬೇಡ. ಉಯಿಲು ಬರೆಯದೆ ಸತ್ತರೆ 8ನೇ ಕಲಂ. ಮಗಳು ಮೊದಲ ವರ್ಗದ ವಾರಸುದಾರಳು, ಅಣ್ಣಂದಿರಷ್ಟೇ ಪಾಲು. 1956ರಿಂದಲೂ ಹೀಗೇ ಇದೆ! ಕುಟುಂಬದ ಆಸ್ತಿ ಅಂತಾದರೂ, ಹಳೇ ಕಾನೂನಿನಲ್ಲೂ ತಂದೆಯ ಪಾಲಿನಲ್ಲಿ ಮಗಳಿಗೆ ಒಂದು ತುಂಡು ಬರುತ್ತಿತ್ತು. ಅಂದರೆ ನೀನು ಹಿಡಿದುಕೊಂಡು ಹೋದ ತೀರ್ಪು ಜೀವಂತ ಇದ್ದಿದ್ದರೂ ತಂಗಿ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಜಗಳ ಇದ್ದದ್ದು ಎಷ್ಟು ಅಂತ. ನೀನು ಹುಡುಕಿದ್ದು ಇದೆಯೋ ಇಲ್ಲವೋ ಅಂತ.

ಅಣ್ಣಂದಿರಿಗೆ ಉಳಿಯುವ ಗಟ್ಟಿ ದಾರಿ ಒಂದೇ. 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲಾಗಿತ್ತು ಅಂತ ತೋರಿಸುವುದು. ನೋಂದಣಿ ಪತ್ರ ಇಲ್ಲವೇ ಡಿಕ್ರಿ ಇದ್ದರೆ ಸರಿ. ಬಾಯಿಮಾತಿನ ವಾಟ್ನಿ ಅಂದರೆ ಸುಲಭಕ್ಕೆ ಒಪ್ಪುವುದಿಲ್ಲ. ಅಪರೂಪದ ಸಂದರ್ಭದಲ್ಲಿ, ಸರ್ಕಾರಿ ದಾಖಲೆಯ ಬೆಂಬಲ ಇದ್ದರೆ ಒಪ್ಪಬಹುದು ಅಂತ ಅದೇ ವಿನೀತಾ ಶರ್ಮಾ ತೀರ್ಪಿನಲ್ಲಿದೆ. ನಿನ್ನನ್ನು ಸೋಲಿಸಿದ ತೀರ್ಪಿನೊಳಗೇ ನಿನಗೊಂದು ಕಿಟಕಿ ಇಟ್ಟಿದ್ದಾರೆ. ಹೆಡ್‌ನೋಟ್ (ತೀರ್ಪಿನ ಮೇಲಿನ ಸಾರಾಂಶ) ಓದಿ ಮುಚ್ಚಿಟ್ಟರೆ ಕಾಣುವುದಿಲ್ಲ.

ಗಂಗಾವಳಿ ದಡ · ಮಧ್ಯಾಹ್ನ 3:10

ಸರ್, ತಲೆ ಒಂದು ಸಲ ಗಿರ್ ಅಂತು. ಫೈಲಿನಲ್ಲಿ ವಾಟ್ನಿ ಅಂತ ಒಂದು ಕಡೆ ಇದೆ, ಕೈಫಿಯತ್ತಿನಲ್ಲಿ (ದಾವೆಗೆ ಕೊಟ್ಟ ಲಿಖಿತ ಉತ್ತರದಲ್ಲಿ). ಕಾಗದ ಇಲ್ಲ. ಜಮೀನು ಇರುವುದು

[ಈ ಸಂದೇಶವನ್ನು ಬರೆದವರೇ ಮೊಟಕುಗೊಳಿಸಿದ್ದಾರೆ]

ಕುಮಟಾ ಕರಿಕೋಟು · ಮಧ್ಯಾಹ್ನ 3:14

ನಿಲ್ಲಿಸು ನಿಲ್ಲಿಸು. ಊರು, ಸರ್ವೆ ನಂಬರ್ ಇಲ್ಲಿ ಬರೀಬೇಡ. ಅಳಿಸು ಅದನ್ನು. ಕಕ್ಷಿದಾರ ವಕೀಲನಿಗೆ ಹೇಳಿದ್ದು ವಕೀಲನ ಹೊಟ್ಟೆಯಲ್ಲೇ ಇರಬೇಕು. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 126, 127. ಈಗ ಸಾಕ್ಷ್ಯ ಅಧಿನಿಯಮದಲ್ಲಿ 132. ಗುಮಾಸ್ತರಿಗೂ ಅನ್ವಯಿಸುತ್ತದೆ, ಆಫೀಸಿನಲ್ಲಿ ಚಹಾ ಕುಡಿಯುವವನಿಗೂ ಅಂತ ಇಟ್ಟುಕೋ.

ಗಂಗಾವಳಿ ದಡ · ಮಧ್ಯಾಹ್ನ 3:16

ಅಳಿಸಿದೆ ಸರ್. ಮೊದಲ ಪೋಸ್ಟಿನಲ್ಲೂ ಕೆಲವು ವಿವರ ಬೇರೆಯೇ ಹಾಕಿದ್ದೇನೆ, ಅದೊಂದು ಬುದ್ಧಿ ಇತ್ತು.

ಕರಿ ಇಶಾಡ್ · ಸಂಜೆ 5:02

ಮೆಮೋರಿಯಲ್ ತೆರೆದು ನೋಡಿದೆ. ಹನ್ನೊಂದು ಕೇಸುಗಳಲ್ಲಿ ಎರಡು ಎಲ್ಲೂ ಸಿಗುತ್ತಿಲ್ಲ. ಒಂದು ಸಿಕ್ಕಿತು, ಆದರೆ ಅದು ಬಾಡಿಗೆ ಮನೆ ಜಗಳ. ನಾನು ಅದನ್ನು ಜೀವಾವಧಿ ಶಿಕ್ಷೆಗೆ ಹಾಕಿದ್ದೆ.

ನೊಗಲಿ ಫ್ರೈ · ಸಂಜೆ 5:04

ಕೆಲವು ಬಾಡಿಗೆ ಮನೆ ಜೀವಾವಧಿ ಶಿಕ್ಷೆಯೇ.

ಮಾರಿಗುಡಿ ಬೀದಿ · ಸಂಜೆ 5:30

@ಕರಿ ಇಶಾಡ್ ಹೇಳಿದ್ದು ದೊಡ್ಡ ಮನಸ್ಸು. ಎಐ ಮುಟ್ಟಲೇಬಾರದು ಅಂತ ನಾನೂ ಅನ್ನುವುದಿಲ್ಲ. ಕಷ್ಟದ ಇಂಗ್ಲಿಷ್ ಪ್ಯಾರಾ ಅರ್ಥ ಮಾಡಿಕೊಳ್ಳಲು ಬಳಸುತ್ತೇನೆ. ಕೇಸಿನ ಹೆಸರು ಮಾತ್ರ ಅದರ ಬಾಯಿಂದ ತೆಗೆದುಕೊಳ್ಳುವುದಿಲ್ಲ. ಸುಪ್ರೀಂ ಕೋರ್ಟಿನ ವರದಿಯಾದ ತೀರ್ಪುಗಳು 2023ರಿಂದ ಅದರದೇ ಜಾಲತಾಣ ಇ-ಎಸ್‌ಸಿಆರ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಮೂಲ ಅಲ್ಲೇ ತೆರೆದು ಪ್ಯಾರಾ ನಂಬರ್ ಬರೆದುಕೊಳ್ಳುತ್ತೇನೆ. ಹೈಕೋರ್ಟಿನದಕ್ಕೆ ಈಗ ನ್ಯೂಟ್ರಲ್ ಸೈಟೇಶನ್, ಅಂದರೆ ಕೋರ್ಟೇ ಕೊಡುವ ಸಂಖ್ಯೆ, ಇದೆ. ಅದರಲ್ಲಿ ಕೆಎಚ್‌ಸಿ (ಕರ್ನಾಟಕ ಹೈಕೋರ್ಟ್) ಪಕ್ಕದಲ್ಲಿ 'ಡಿ' ಇದ್ದರೆ ನಮ್ಮ ಧಾರವಾಡ ಪೀಠದ್ದು.

ಕನ್ನಡದ ಬಗ್ಗೆ. ಸುಪ್ರೀಂ ಕೋರ್ಟ್ 2019ರಿಂದ ಕೆಲವು ತೀರ್ಪುಗಳ ಕನ್ನಡ ಅನುವಾದ ಹಾಕುತ್ತಿದೆ. ಅಧಿಕೃತ ಇಂಗ್ಲಿಷೇ, ಆದರೆ ಮೊದಲು ಕಥೆ ತಿಳಿಯಲು ಸಾಕು. ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರ ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲೂ ಇವೆ.

ಪಾಸ್‌ಬುಕ್ ಮಾವ · ಸಂಜೆ 5:48

ಆ ಕನ್ನಡ ಓದಿದರೆ ಇಂಗ್ಲಿಷೇ ಸಲೀಸು ಅನ್ನಿಸುತ್ತದೆ ಮಗಳೇ. "ತತ್ಸಂಬಂಧವಾದ ಯಾವುದೇ ಉಪಬಂಧಕ್ಕೆ ಒಳಪಟ್ಟು" ಅಂತ ಶುರುವಾದರೆ ನಾನು ಕನ್ನಡಕ ತೆಗೆದಿಡುತ್ತೇನೆ.

ಹಳೇ ಗುಮಾಸ್ತ · ಸಂಜೆ 6:20

ಮಾವನವರೇ, ನಗುವ ಮಾತಲ್ಲ ಇದು. ನಮ್ಮ ತಾಲೂಕು ಕೋರ್ಟುಗಳಲ್ಲಿ ಸಾಕ್ಷಿ ಹೇಳುವುದು ಕನ್ನಡದಲ್ಲಿ, ಪಹಣಿ ಕನ್ನಡದಲ್ಲಿ, ವಾಟ್ನಿ ಪತ್ರ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಪಟಪಟ ಮಾತಾಡುವ ಹುಡುಗರು ಬರುತ್ತಾರೆ, ಹಳೇ ಕೈಬರಹ ಕೊಟ್ಟರೆ ತಲೆಕೆಳಗೆ ಹಿಡಿಯುತ್ತಾರೆ. ಕನ್ನಡ ಮೀಡಿಯಂ ಅಂತ ಈ ಹುಡುಗ ಕುಗ್ಗಬೇಕಾಗಿಲ್ಲ. ಅವನ ಕೈಯಲ್ಲಿ ಇರುವುದು ಅವನಿಗೇ ಗೊತ್ತಿಲ್ಲ.

ಇನ್ನೊಂದು ವಿಷಯ ಕಾಲೇಜಿನಲ್ಲಿ ಹೇಳುವುದಿಲ್ಲ. ನಮ್ಮ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಹೋಯಿತು, 1956ರಲ್ಲಿ ಮೈಸೂರಿಗೆ ಬಂತು. ಹಾಗಾಗಿ ಹಳೇ ಜಮೀನಿನ ಕಾಗದ ಮುಂಬಯಿ ಕಾಯ್ದೆಯ ಮಾತು ಆಡುತ್ತದೆ. 1964ರವರೆಗೆ ನಮಗೆ 1879ರ ಮುಂಬಯಿ ಕಂದಾಯ ಸಂಹಿತೆ. ಗೇಣಿಗೆ 1948ರ ಮುಂಬಯಿ ಕಾಯ್ದೆ. ಹಳೇ ಮೈಸೂರು ಕಡೆಯ ಪುಸ್ತಕ ಇಟ್ಟುಕೊಂಡು ನಮ್ಮ 1950ರ ದಾಖಲೆ ಓದಿದರೆ ದಾರಿ ತಪ್ಪುತ್ತೀರಿ.

ಬಡಗುತಿಟ್ಟು · ಸಂಜೆ 6:31

ಕಾರವಾರದಲ್ಲಿ ಟಾಗೋರರ ಅಣ್ಣ ಜಡ್ಜ್ ಆಗಿದ್ದರಂತಲ್ಲ, ಅದು ಇದೇ ಮುಂಬಯಿ ಕಾಲದ್ದಾ?

ಪಾಸ್‌ಬುಕ್ ಮಾವ · ಸಂಜೆ 6:40

ಹೌದು, ಸತ್ಯೇಂದ್ರನಾಥ ಟಾಗೋರ್. ಐಸಿಎಸ್ ಆದ ಮೊದಲ ಭಾರತೀಯ. 1880ರ ದಶಕದ ಶುರುವಿನಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರ ಬಂದು ಉಳಿದು ಸಮುದ್ರ ನೋಡುತ್ತಾ ಬರೆದರು. ಬೀಚಿಗೆ ತಮ್ಮನ ಹೆಸರು ಬಂತು, ಅಣ್ಣ ಬರೆದ ತೀರ್ಪುಗಳನ್ನು ಕೇಳುವವರಿಲ್ಲ.

ನೊಗಲಿ ಫ್ರೈ · ಸಂಜೆ 6:42

ಆ ಅಣ್ಣನ ತೀರ್ಪುಗಳಲ್ಲಿ ಎಷ್ಟು ಓವರ್‌ರೂಲ್ ಆದವೋ.

ಕುಮಟಾ ಕರಿಕೋಟು · ರಾತ್ರಿ 9:15

ವಿಷಯಕ್ಕೆ ಬರೋಣ. ಸೆಕ್ಷನ್ ನಂಬರಿನ ಮೇಲೆ ನಂಬಿಕೆ ಇಡಬೇಡಿ ಅಂತ ಇನ್ನೊಂದು ಮಾತು. 1 ಜುಲೈ 2024ರಿಂದ ಕ್ರಿಮಿನಲ್ ಕಾಯ್ದೆಗಳು ಬದಲಾದವು. ಹಳೇ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಕೇಸ್ ರದ್ದು ಮಾಡಿಸಲು ಹೋಗುವ ಕಲಂ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಅಂದರೆ ನಿರೀಕ್ಷಣಾ ಜಾಮೀನು! ರದ್ದತಿ 528ಕ್ಕೆ ಹೋಗಿದೆ. ಬರೀ ನಂಬರ್ ಹಾಕಿ ಹುಡುಕಿದ ಒಬ್ಬ ಜೂನಿಯರ್ ಜಾಮೀನು ಅರ್ಜಿಗೆ ರದ್ದತಿಯ ತೀರ್ಪುಗಳ ಕಂತೆ ಕಟ್ಟಿಕೊಂಡು ಬಂದಿದ್ದ. ಕಂತೆ ಚಂದ ಇತ್ತು, ದಾರ ಕೆಂಪು.

ಗಂಗಾವಳಿ ದಡ · ರಾತ್ರಿ 10:30

ಎಲ್ಲರಿಗೂ ಏನು ಹೇಳಬೇಕೋ ತಿಳಿಯುತ್ತಿಲ್ಲ. ತಾರೀಕಿನ ಹಾಳೆ ಮಾಡಿದೆ. ಅರ್ಧ ಜಾಗ ಖಾಲಿ ಇದೆ. ಖಾಲಿ ಜಾಗ ನೋಡಿದ ಮೇಲೆ ಏನೋ ಒಂಥರಾ ಹುಮ್ಮಸ್ಸು ಬಂತು. ಮೂರು ರಾತ್ರಿ ಹುಡುಕುವಾಗ ಇದು ಇರಲಿಲ್ಲ. ನಾಳೆ ಸರ್ ಹತ್ತಿರ ಕೇಳಿ ರೆಕಾರ್ಡ್ ರೂಮಿಗೆ ಹೋಗುತ್ತೇನೆ.

ಅಪ್ಪನ ಐಸ್ ಫ್ಯಾಕ್ಟರಿ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ.

ಪಾಸ್‌ಬುಕ್ ಮಾವ · ರಾತ್ರಿ 10:41

ಅದಕ್ಕೆ ಕೇಸ್ ಲಾ ಇಲ್ಲ. ಅಪ್ಪನಿಗೆ ಹೆದರಿಕೆ, ಅಷ್ಟೇ. ಮಗ ಓದಿ ಕೂತು ವರ್ಷಗಟ್ಟಲೆ ದುಡಿಯದೆ ಇರುತ್ತಾನೇನೋ ಅಂತ. ಹೆದರಿಕೆ ಸುಳ್ಳೂ ಅಲ್ಲ. ಈ ಕೆಲಸದಲ್ಲಿ ಮೊದಲ ವರ್ಷಗಳಲ್ಲಿ ದುಡ್ಡು ಬರುವುದಿಲ್ಲ, ಇದನ್ನು ಅವರಿಗೆ ನೇರ ಹೇಳು. ಒಂದು ದಿನ ಕೋರ್ಟಿಗೆ ಕರೆದುಕೊಂಡು ಹೋಗು. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಹಿಂದಿನ ಬೆಂಚಿನಲ್ಲಿ ಕೂರಲಿ.

ಕುಮಟಾ ಕರಿಕೋಟು · ರಾತ್ರಿ 10:50

ಮಾವ ಹೇಳಿದ್ದು ಸರಿ, ಆದರೆ ದುಡ್ಡಿನ ಮಾತು ಇನ್ನೂ ಗಟ್ಟಿಯಾಗಿ ಆಗಬೇಕು. ಚಹಾ ಕೊಟ್ಟು ದುಡಿಸುವುದು ಒಂದು ಮಿತಿಯವರೆಗೆ ಕಲಿಕೆ, ಆಮೇಲೆ ಅಲ್ಲ. ಬಸ್ ಖರ್ಚಾದರೂ ಕೊಡಿ ಅಂತ ಕೇಳಲು ನಾಚಿಕೆ ಬೇಡ. ಇದನ್ನು ಸೀನಿಯರ್ ಆಗಿಯೇ ಹೇಳುತ್ತಿದ್ದೇನೆ. ನನ್ನ ಜೂನಿಯರ್ ಇದನ್ನು ಓದದಿದ್ದರೆ ಒಳ್ಳೆಯದು.

ಕುಮಟಾ ಜೂನಿಯರ್ · ರಾತ್ರಿ 10:53

ಓದಿದೆ ಸರ್.

ಮಾರಿಗುಡಿ ಬೀದಿ · ರಾತ್ರಿ 10:55

😂😂

ಗಂಗಾವಳಿ ಅವರೇ, ನಾವು ಶಿರಸಿಯಲ್ಲಿ ಐದು ಜನ ಭಾನುವಾರ ಸಂಜೆ ಫೋನಿನಲ್ಲಿ ಒಂದು ತೀರ್ಪು ಓದುತ್ತೇವೆ. ನಿಯಮ ಒಂದೇ. ಓದಿ ಬಂದವರು ಸೋತವರ ಪರವಾಗಿ ಮಾತಾಡಬೇಕು. ಬರುವ ವಾರ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಕಂದಾಯ ಕಾಯ್ದೆಯ 79ನೇ ಕಲಂ. ತೋಟಿಗರ ಮಕ್ಕಳು ಜಾಸ್ತಿ, ಜಗಳ ಗ್ಯಾರಂಟಿ. ಕರಾವಳಿ ಕಡೆಯವರು ಒಬ್ಬರೂ ಇಲ್ಲ, ಬನ್ನಿ.

ಗಂಗಾವಳಿ ದಡ · ಮುಂದಿನ ಮಂಗಳವಾರ, ಸಂಜೆ 7:20

ಹೋದ ವಾರ ಎರಡು ದಿನ ರೆಕಾರ್ಡ್ ರೂಮಿನಲ್ಲಿದ್ದೆ. ಗುಮಾಸ್ತರು ಹೇಳಿದ ಹಾಗೆ ಕರವಸ್ತ್ರ ಒಯ್ದಿದ್ದೆ, ಸಾಲಲಿಲ್ಲ. ನಾನು ಹುಡುಕುತ್ತಿದ್ದ ವರ್ಷದ ಪುಸ್ತಕ ಸಿಕ್ಕಿತು. ವಾರ್ದಿಯೂ ಸಿಕ್ಕಿತು. ಅದರಲ್ಲಿ ಏನಿತ್ತು ಅಂತ ಕೇಳಬೇಡಿ, ಹೇಳುವುದಿಲ್ಲ.

ಸರ್ ನಕಲನ್ನು ಎರಡು ಸಲ ಓದಿದರು. ಏನೂ ಹೇಳಲಿಲ್ಲ. ಕಕ್ಷಿದಾರರಿಗೆ ಫೋನ್ ಮಾಡಿ ಗುರುವಾರ ಬನ್ನಿ ಅಂದರು. ಆಮೇಲೆ ನನ್ನ ಕಡೆ ಇನ್ನೊಂದು ಫೈಲ್ ತಳ್ಳಿದರು. ಗದ್ದೆಗೆ ಹೋಗುವ ದಾರಿಯ ಜಗಳ. ವಹಿವಾಟಿನ ಹಕ್ಕು, ಅಂದರೆ 20 ವರ್ಷ ಓಡಾಡಿದ್ದರಿಂದ ಬರುವ ದಾರಿಯ ಹಕ್ಕಿನ ಲೆಕ್ಕ. "ಕೇಸ್ ಲಾ ನೋಡು" ಅಂದರು. ನಾನು, "ಸರ್, ಮೊದಲು ಜಾಗ ನೋಡಿಕೊಂಡು ಬರಲಾ?" ಅಂದೆ.

ಬಸ್ ಖರ್ಚು ಕೊಟ್ಟರು.

ಹಳೇ ಗುಮಾಸ್ತ · ಸಂಜೆ 7:34

ಗದ್ದೆಗೆ ಹೋಗುವುದಾದರೆ ಬೆಳಿಗ್ಗೆಯೇ ಹೋಗು. ಗಜನಿ (ಉಪ್ಪುನೀರು ನುಗ್ಗುವ) ಗದ್ದೆಯಾದರೆ ಭರತ ಇಳಿತ ನೋಡಿಕೋ. ದಾರಿ ಯಾವಾಗ ಮುಳುಗುತ್ತದೆ ಅಂತ ಬರೆದುಕೊಂಡು ಬಾ, ನಾಳೆ ಪಾಟೀಸವಾಲಿನಲ್ಲಿ ಬೇಕಾಗುತ್ತದೆ.

ನೊಗಲಿ ಫ್ರೈ · ಸಂಜೆ 7:36

ಬರುವಾಗ ಏಡಿ ಸಿಕ್ಕರೆ ತಾ.